ರಿಫ್ಲೆಕ್ಟರ್ ಬ್ಯಾಡ: ಬಾಗಲಕೋಟೆಯಲ್ಲಿ ಒಬ್ಬ ಕ್ಯಾಮೆರಾಮನ್‌ರನ್ನು ನೆನೆದ ಪ್ರಕರಣ

ಸಿನಿಮಾ ನಟರೊಬ್ಬರು ತೀರಿಕೊಂಡರೆ ಅವರ ಊರಿನಲ್ಲಿ ನುಡಿನಮನ ಮಾಡೋದು ಕಷ್ಟವಲ್ಲ. ಫೋಟೋ ಸಿಗುತ್ತದೆ, ಹಾಡು ಸಿಗುತ್ತದೆ, ಡೈಲಾಗ್ ಹೊಡೆಯೋ ಹುಡುಗರೂ ಸಿಗುತ್ತಾರೆ. ಕ್ಯಾಮೆರಾಮನ್ ತೀರಿಕೊಂಡರೆ? ಅವರ ಕೆಲಸ ಪರದೆ ತುಂಬ ಇರುತ್ತದೆ. ಆದರೆ ಅದರಲ್ಲಿ ಯಾವುದು ಅವರದ್ದು ಅಂತ ಬೆರಳಿಟ್ಟು ತೋರಿಸೋರು ಸಿಗೋದಿಲ್ಲ. ಬಾಗಲಕೋಟೆಯ ನಮ್ಮ ಸಣ್ಣ ಬಳಗ ಇಂಥ ಒಬ್ಬರ ನೆನಪಿನ ಕಾರ್ಯಕ್ರಮ ಮಾಡಲು ಹೋಗಿ ಏನೇನು ನೋಡಿತು ಅನ್ನೋದನ್ನು ಇಲ್ಲಿ ಬರೆದಿದ್ದೇನೆ. ಬೇರೆ ಊರಿನವರಿಗೂ ಇದೇ ಕೆಲಸ ಬರಬಹುದು.

ಕುಟುಂಬದವರು ಒಪ್ಪಿದ ಮೇಲೆಯೇ ಬರೆಯುತ್ತಿದ್ದೇನೆ. ಹೆಸರು, ಸಿನಿಮಾ, ವರ್ಷ ಯಾವುದನ್ನೂ ಕೊಟ್ಟಿಲ್ಲ. ಗುರುತು ಹತ್ತುವಂಥ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಓಣಿಯವರೆಲ್ಲ ಅವರನ್ನು ಕಾಕಾ ಅಂತಿದ್ದರು. ಇಲ್ಲೂ ಹಾಗೇ ಇರಲಿ.

ಹಿನ್ನೆಲೆ

ಕಾಕಾ ಹುಟ್ಟಿದ್ದು ಹಳೇ ಬಾಗಲಕೋಟೆಯಲ್ಲಿ. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ಗೆ ಹೋಗಿ ಸಿನಿಮಾಟೋಗ್ರಫಿ ಕಲಿತರು. ಮೈಸೂರಿನ ವಿ.ಕೆ. ಮೂರ್ತಿ 1946ರಲ್ಲಿ ಡಿಪ್ಲೊಮಾ ಮುಗಿಸಿ ಬೊಂಬಾಯಿ ದಾರಿ ಹಿಡಿದದ್ದು ಅಲ್ಲಿಂದಲೇ. ಗೋವಿಂದ ನಿಹಲಾನಿ ಓದಿದ್ದೂ ಅಲ್ಲೇ. ಕಾಕಾ ಮಾತ್ರ ಮದ್ರಾಸ್ ಬಸ್ಸು ಹತ್ತಿದರು. ಆಗ ಕನ್ನಡ ಸಿನಿಮಾದ ಹೆಚ್ಚಿನ ಕೆಲಸ, ಮುಖ್ಯವಾಗಿ ಲ್ಯಾಬ್ ಕೆಲಸ, ನಡೆಯುತ್ತಿದ್ದದ್ದು ಅಲ್ಲಿ.

ಕ್ಯಾಮೆರಾ ವಿಭಾಗದಲ್ಲಿ ಮೆಟ್ಟಿಲುಗಳಿವೆ. ಅದನ್ನು ಇಲ್ಲೇ ಹೇಳಿಬಿಡಬೇಕು, ಮುಂದೆ ಜಗಳ ಬರೋದೇ ಅದರ ಮೇಲೆ. ಮೇಲೆ ಇರೋರು ಛಾಯಾಗ್ರಾಹಕರು. ಬೆಳಕು ಎಲ್ಲಿಂದ ಬರಬೇಕು, ಎಷ್ಟಿರಬೇಕು, ಯಾವ ಲೆನ್ಸ್, ಎಲ್ಲ ಅವರ ತೀರ್ಮಾನ. ಕ್ಯಾಮೆರಾದಲ್ಲಿ ಕಣ್ಣಿಟ್ಟು ಶಾಟ್ ತೆಗೆಯೋರು ಆಪರೇಟಿವ್ ಕ್ಯಾಮೆರಾಮನ್. ಪಕ್ಕದಲ್ಲಿ ಲೆನ್ಸಿನ ಫೋಕಸ್ ಹೊಂದಿಸೋ ಫೋಕಸ್ ಪುಲ್ಲರ್. ಕೆಳಗೆ ಮ್ಯಾಗಜೀನ್‌ಗೆ, ಅಂದರೆ ಕ್ಯಾಮೆರಾಕ್ಕೆ ಸಿಕ್ಕಿಸೋ ಡಬ್ಬಿಗೆ, ಫಿಲ್ಮ್ ತುಂಬೋ ಸಹಾಯಕರು. ಟೈಟಲ್ ಕಾರ್ಡ್‌ನಲ್ಲಿ ದೊಡ್ಡದಾಗಿ ಬರೋದು ಮೊದಲನೆಯವರ ಹೆಸರು. ಉಳಿದವರದ್ದು ಒಂದೇ ಕಾರ್ಡಿನಲ್ಲಿ ಗುಂಪಾಗಿ ಬಂದು ಓದೋದರೊಳಗೆ ಹೋಗಿಬಿಡುತ್ತದೆ. ಕಾಕಾ ಬಾಳಿನ ಹೆಚ್ಚು ಭಾಗ ಆ ಎರಡನೇ ಮೆಟ್ಟಿಲಿನಲ್ಲಿ ಕಳೆದರು.

ಸ್ವತಂತ್ರವಾಗಿ ಕೆಲವು ಸಿನಿಮಾ ಮಾಡಿದರು. ಒಂದೂ ಓಡಲಿಲ್ಲ. ಆಮೇಲೆ ಇಲಾಖೆಗಳಿಗೆ ಸಾಕ್ಷ್ಯಚಿತ್ರ ಮಾಡಿಕೊಟ್ಟರು. ವಯಸ್ಸಾದ ಮೇಲೆ ಊರಿಗೆ ವಾಪಸ್ ಬಂದರು. ಅಷ್ಟರಲ್ಲಿ ಊರೇ ಜಾಗ ಬದಲಿಸಿತ್ತು. ಆಲಮಟ್ಟಿ ಹಿನ್ನೀರಿಗೆ ಅವರ ಓಣಿ ಮುಳುಗಡೆ ಲೆಕ್ಕಕ್ಕೆ ಸೇರಿ, ಮನೆಯವರು ನವನಗರದ ಸೆಕ್ಟರ್ ಒಂದಕ್ಕೆ ಬಂದಿದ್ದರು. ಸಾಮಾನು ಸಾಗಿಸುವಾಗ ಪೇಪರ್ ಕಟಿಂಗ್‌ಗಳ ಕಟ್ಟು, ಸ್ಟಿಲ್ ಫೋಟೋಗಳು ಎಲ್ಲೋ ಕಳೆದವು. ಉಳಿದದ್ದು ಒಂದು ಕಬ್ಬಿಣದ ಟ್ರಂಕು.

ನವನಗರದಲ್ಲಿ ಅವರು ಏನು ಕೆಲಸ ಮಾಡಿದವರು ಅಂತ ಅಕ್ಕಪಕ್ಕದವರಿಗೇ ಸರಿಯಾಗಿ ಗೊತ್ತಿರಲಿಲ್ಲ. ತೀರಿಕೊಂಡ ದಿನ ಬಂದವರೊಬ್ಬರು ಕೇಳಿದರಂತೆ: "ಮದುವಿ ವಿಡಿಯೋ ತಗೀತಿದ್ರೇನ್ರಿ?"

ಸಮಸ್ಯೆ

ಕುಟುಂಬದವರು ನಮ್ಮ ಬಳಗಕ್ಕೆ ಹೇಳಿದ್ದು ಇಷ್ಟು. ಕಾಕಾ ದೊಡ್ಡ ಕೆಲಸ ಮಾಡಿದ್ದಾರೆ, ಊರಿಗೆ ಗೊತ್ತಾಗಬೇಕು, ಒಂದು ಕಾರ್ಯಕ್ರಮ ಮತ್ತು ಒಂದು ಸಣ್ಣ ಪುಸ್ತಿಕೆ ಆಗಬೇಕು. ಅವರ ಹಿರಿಯ ಮಗ ಇನ್ನೊಂದು ಮಾತು ಸೇರಿಸಿದರು. ಬಾದಾಮಿಯಲ್ಲಿ ಚಿತ್ರೀಕರಣವಾದ, ಈ ಭಾಗದಲ್ಲಿ ಎಲ್ಲರೂ ನೋಡಿರುವ ಸಿನಿಮಾ ಒಂದಿದೆ. "ಅದು ಪೂರಾ ಅಪ್ಪಾರ ಕೆಲಸರೀ. ಹೆಸರು ಮಾತ್ರ ಬ್ಯಾರೆಯವರದ್ದು."

ಈ ಮಾತನ್ನು ಹಾಗೇ ಪುಸ್ತಿಕೆಯಲ್ಲಿ ಹಾಕಿದ್ದರೆ ಯಾರೂ ಪ್ರಶ್ನೆ ಮಾಡುತ್ತಿರಲಿಲ್ಲ. ನುಡಿನಮನದಲ್ಲಿ ಹೊಗಳಿಕೆಗೆ ಸಾಕ್ಷಿ ಕೇಳೋರು ಯಾರು? ಆದರೆ ಟೈಟಲ್ ಕಾರ್ಡ್‌ನಲ್ಲಿದ್ದ ಛಾಯಾಗ್ರಾಹಕರೂ ತೀರಿಕೊಂಡಿದ್ದಾರೆ, ಅವರಿಗೂ ಮಕ್ಕಳಿದ್ದಾರೆ. ಒಬ್ಬರ ನೆನಪು ಕಟ್ಟೋದಕ್ಕೆ ಇನ್ನೊಬ್ಬರ ಕೆಲಸ ಕಿತ್ತುಕೊಳ್ಳಬಾರದು ಅಂತ ನಮ್ಮಲ್ಲಿ ಕೆಲವರು ಪಟ್ಟು ಹಿಡಿದರು. ಉಳಿದವರು, "ಸುಮ್ನೆ ಯಾಕೆ ತಲೆ ಕೆಡಿಸಿಕೊಳ್ತೀರಿ, ಮನೆಯವರು ಹೇಳಿದ್ದು ಹಾಕೋಣ" ಅಂದರು. ಅದು ಮುಗಿಯದೆ ಕೆಲಸ ಶುರುವಾಯಿತು.

ಮೊದಲು ಮಾಡಿದ್ದು

ವಾಟ್ಸಾಪ್ ಗ್ರೂಪ್ ಒಂದನ್ನು ಮಾಡಿ "ಕಾಕಾ ಬಗ್ಗೆ ನಿಮ್ಮ ನೆನಪು ಹಂಚಿಕೊಳ್ಳಿ" ಅಂತ ಹಾಕಿದೆವು. ಬಂದದ್ದು ಕೈಮುಗಿಯೋ ಚಿತ್ರಗಳು, ದೀಪದ ಚಿತ್ರಗಳು, "ಸರಳ ಸಜ್ಜನಿಕೆಯ ವ್ಯಕ್ತಿ" ಅನ್ನೋ ಸಾಲು ಹತ್ತಾರು ಸಲ. ಒಬ್ಬರು ಕಾಕಾ ತೆಗೆದ ಸಿನಿಮಾಗಳ ಉದ್ದ ಪಟ್ಟಿ ಕಳುಹಿಸಿದರು. ಕೂತು ನೋಡಿದರೆ ಅದರಲ್ಲಿ ಅದೇ ಹೆಸರಿನ ಬೇರೆಯವರ ಕೆಲಸವೂ ಬೆರೆತಿತ್ತು. ಅಂತರ್ಜಾಲದ ಪಟ್ಟಿಗಳಲ್ಲಿ ಇದು ಮಾಮೂಲು. ಇನಿಷಿಯಲ್ ಬಿಟ್ಟು ಹೋದರೆ ಸಾಕು, ಇಬ್ಬರ ಬಾಳು ಒಬ್ಬರದ್ದೇ ಆಗಿಬಿಡುತ್ತದೆ.

ಕಾಕಾ ಜೊತೆ ಕೆಲಸ ಮಾಡಿದ ನಟರೊಬ್ಬರನ್ನು ಕೇಳಿಕೊಂಡೆವು. ಅವರು ಪ್ರೀತಿಯಿಂದಲೇ ಒಂದು ವಿಡಿಯೋ ಮಾಡಿ ಕಳುಹಿಸಿದರು. ಅದರಲ್ಲಿ ಕಾಕಾ ಹೆಸರು ತೆಗೆದು ಯಾರ ಹೆಸರು ಹಾಕಿದರೂ ನಡೆಯುತ್ತಿತ್ತು. ಅವರ ತಪ್ಪಲ್ಲ. ನಟರು ಲೈಟಿನ ಆಚೆ ನಿಂತಿರುತ್ತಾರೆ. ಕ್ಯಾಮೆರಾ ಹಿಂದಿನ ಮಾತು ಅವರ ಕಿವಿಗೆ ಬೀಳೋದೇ ಕಡಿಮೆ.

ದಿಕ್ಕು ಬದಲಿಸಿದ್ದು ಒಂದು ಸಂಜೆಯ ಹರಟೆ. ಬಳಗದ ಮೇಷ್ಟ್ರೊಬ್ಬರು ವಿ.ಕೆ. ಮೂರ್ತಿ ಅವರ ವಿಷಯ ತೆಗೆದರು. 1959ರ 'ಕಾಗಜ್ ಕೆ ಫೂಲ್', ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ. ಅದರಲ್ಲಿ ಕತ್ತಲ ಸ್ಟುಡಿಯೋ ಒಳಗೆ ಮೇಲಿಂದ ಒಂದು ಬೆಳಕಿನ ಕೋಲು ಇಳಿಯುತ್ತದೆ. ಮೂರ್ತಿಯವರು ಅದಕ್ಕೆ ದೊಡ್ಡ ದೀಪ ಹಚ್ಚಲಿಲ್ಲ. ಕನ್ನಡಿ ಹಿಡಿದು ಹೊರಗಿನ ಬಿಸಿಲನ್ನು ಒಳಗೆ ತಂದರು. ಮೂರ್ತಿಯವರಿಗೆ 2008ರ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಬಂತು, ಅದನ್ನು ಪಡೆದ ಮೊದಲ ಛಾಯಾಗ್ರಾಹಕರು ಅವರೇ. ಆದರೆ ಕೂತಿದ್ದವರಲ್ಲಿ ಯಾರಿಗೂ ಪ್ರಶಸ್ತಿಯ ವರ್ಷ ನೆನಪಿರಲಿಲ್ಲ. ಕನ್ನಡಿ ಎಲ್ಲರಿಗೂ ನೆನಪಿತ್ತು.

ಆಗ ಮೇಷ್ಟ್ರು ಕೇಳಿದರು: "ಹಂಗಾದ್ರ ಕಾಕಾರ ಕನ್ನಡಿ ಯಾವುದು?"

ಅಲ್ಲಿಂದ ನಾವು ಪಟ್ಟಿ ಮಾಡೋದು ಬಿಟ್ಟೆವು. ಒಂದು ಶಾಟ್ ಹಿಡಿದು ಕೂರೋಣ ಅಂದುಕೊಂಡೆವು.

ಒಂದು ಶಾಟ್

ಆರಿಸಿದ್ದು ಆ ಬಾದಾಮಿ ಸಿನಿಮಾದ ಒಂದು ದೃಶ್ಯ. ನಾಯಕ ದಕ್ಷಿಣದ ಗುಡ್ಡದ ಬಂಡೆಯ ನೆರಳಿನಲ್ಲಿ ಕೂತಿದ್ದಾನೆ. ಕೆಳಗೆ ಅಗಸ್ತ್ಯ ತೀರ್ಥ. ಕೆರೆಯಾಚೆ ಉತ್ತರದ ಗುಡ್ಡದ ಕೆಂಪು ಕಲ್ಲಿಗೆ ಬೆಳಗಿನ ಬಿಸಿಲು ಬಿದ್ದು ಹೊಳೆಯುತ್ತಿದೆ. ಅಪ್ಪ ಸತ್ತ ಸುದ್ದಿಯನ್ನು ಯಾರೋ ಬಂದು ಹೇಳುತ್ತಾರೆ. ನಾಯಕನ ಮುಖ ಕಪ್ಪಾಗಿಯೇ ಇರುತ್ತದೆ. ಕಣ್ಣಂಚು ಮಾತ್ರ ಕಾಣುತ್ತದೆ.

ಈ ಭಾಗದಲ್ಲಿ ಆ ದೃಶ್ಯದ ಬಗ್ಗೆ ಇದ್ದ ಮಾತು ಬೇರೆ. "ಲ್ಯಾಬ್‌ನವರು ಕೆಡಿಸಿದ್ರು" ಅಂತ ಕೆಲವರು, "ಅವತ್ತು ಮೋಡ ಆಗಿತ್ತು" ಅಂತ ಕೆಲವರು. ದೊಡ್ಡ ನಟನ ಮುಖ ಕಾಣದಿದ್ದರೆ ಅದು ತಪ್ಪೇ ಇರಬೇಕು ಅಂತ ಜನ ಅಂದುಕೊಂಡಿದ್ದರು.

ಕಾಕಾ ಅವರ ಮಗಳು ಟ್ರಂಕಿನಿಂದ ಒಂದು ಉದ್ದನೆಯ ನೋಟ್‌ಬುಕ್ ತೆಗೆದುಕೊಟ್ಟರು. ಕಿರಾಣಿ ಅಂಗಡಿಯ ಲೆಕ್ಕದ ಪುಸ್ತಕದಂಥದ್ದು, ಪೆನ್ಸಿಲ್ ಬರಹ. ಆ ದೃಶ್ಯದ ಸಾಲು ಹೀಗಿತ್ತು: "ಬೆಳಿಗ್ಗೆ 8.10. ಮುಖ 4. ಕಲ್ಲು 8. ಆಕಾಶ 11. ಇಟ್ಟದ್ದು 5.6. ರಿಫ್ಲೆಕ್ಟರ್ ಬ್ಯಾಡ. ಬಿಳಿ ಬಟ್ಟೆ ಎಡಕ್ಕ."

ಇದನ್ನು ಓದಲು ಬರುವವರು ಬೇಕಿತ್ತು. ಆಗ ಯೂನಿಟ್‌ನಲ್ಲಿದ್ದ ಲೈಟ್‌ಮನ್ ಒಬ್ಬರು ಹುಬ್ಬಳ್ಳಿ ಕಡೆ ಇದ್ದಾರೆ ಅಂತ ಗೊತ್ತಾಯಿತು. ಫೋಕಸ್ ಪುಲ್ಲರ್ ಬೆಂಗಳೂರಿನಲ್ಲಿದ್ದರು, ಫೋನಿನಲ್ಲಿ ಸಿಕ್ಕರು. ಇಬ್ಬರಿಗೂ "ಕಾಕಾ ಹೇಗಿದ್ದರು?" ಅಂತ ಕೇಳಲಿಲ್ಲ. ಆ ಪ್ರಶ್ನೆಗೆ ಬರೋದು "ದೇವರಂಥ ಮನುಷ್ಯ" ಅನ್ನೋ ಉತ್ತರ. ಬದಲಿಗೆ ದೃಶ್ಯ ತೋರಿಸಿ, ನಿಲ್ಲಿಸಿ ಕೇಳಿದೆವು. ಬಿಸಿಲು ಎಲ್ಲಿಂದ ಬರ್ತಿತ್ತು? ಈ ಕಡೆ ಯಾರು ನಿಂತಿದ್ರು? ಅವರ ಕೈಯಲ್ಲಿ ಏನಿತ್ತು? ಎಷ್ಟು ಟೇಕ್ ಆಯ್ತು?

ಲೈಟ್‌ಮನ್ ಕಾಕಾ (ಅವರೂ ನಮಗೆ ಕಾಕಾನೇ, ಏನು ಮಾಡೋದು) ಸಾಲನ್ನು ಬಿಡಿಸಿ ಹೇಳಿದರು. 4, 5.6, 8, 11 ಇವು ಲೆನ್ಸಿನ ಸ್ಟಾಪುಗಳು, ಅಂದರೆ ಬೆಳಕು ಒಳಗೆ ಬಿಡೋ ಬಾಯಿಯ ಅಳತೆ. ಒಂದರಿಂದ ಇನ್ನೊಂದಕ್ಕೆ ಹೋದರೆ ಬೆಳಕು ಅರ್ಧಕ್ಕೆ ಇಳಿಯುತ್ತದೆ. ಬೆಳಕು ಅಳೆಯೋ ಮೀಟರ್ ಹಿಡಿದಾಗ ನೆರಳಲ್ಲಿದ್ದ ಮುಖ 4 ಕೇಳುತ್ತಿತ್ತು, ಬಿಸಿಲಿನ ಕಲ್ಲು 8 ಕೇಳುತ್ತಿತ್ತು. 4 ಇಟ್ಟರೆ ಮುಖ ಚಂದ, ಆದರೆ ಕಲ್ಲು ಸುಣ್ಣ ಬಳಿದಂತೆ ಬೆಳ್ಳಗಾಗುತ್ತದೆ. 8 ಇಟ್ಟರೆ ಕಲ್ಲು ಚಂದ, ಮುಖ ಪೂರಾ ಕತ್ತಲು. ಮಾಮೂಲಿ ಪರಿಹಾರ ಅಂದರೆ ಬೆಳ್ಳಿ ಹಾಳೆಯ ರಿಫ್ಲೆಕ್ಟರ್ ಹಿಡಿದು ಬಿಸಿಲನ್ನು ನಾಯಕನ ಮುಖಕ್ಕೆ ಹೊಡೆಯೋದು. ಎಲ್ಲರೂ ಮಾಡುತ್ತಿದ್ದದ್ದು ಅದೇ. ಮುಖ ಫಳಫಳ ಅನ್ನುತ್ತದೆ, ನಟ ಕಣ್ಣು ಕಿರಿದು ಮಾಡುತ್ತಾನೆ, ನೆರಳಲ್ಲಿ ಕೂತಿದ್ದಾನೆ ಅನ್ನೋದೇ ಮರೆತುಹೋಗುತ್ತದೆ.

ಇಲ್ಲಿ ನಡುವಿನ 5.6 ಇಟ್ಟಿದ್ದಾರೆ. ಮುಖ ಒಂದು ಸ್ಟಾಪ್ ಕಡಿಮೆ, ಕಲ್ಲು ಒಂದು ಸ್ಟಾಪ್ ಜಾಸ್ತಿ. ಬಿಳಿ ಬಟ್ಟೆ ಯಾಕೆ? ಅದು ನನಗೆ ಎಲ್ಲಕ್ಕಿಂತ ಇಷ್ಟವಾದ ವಿವರ. ಬಾದಾಮಿಯ ಮರಳುಗಲ್ಲು ಕೆಂಪು. ಪಕ್ಕದ ಬಂಡೆಗೆ ಬಿದ್ದ ಬೆಳಕು ಚಿಮ್ಮಿ ಮುಖಕ್ಕೆ ಬಂದರೆ ಕೆನ್ನೆ ಕೆಂಪಗೆ ಕಾಣುತ್ತದೆ. ಸಾವಿನ ಸುದ್ದಿ ಕೇಳುವವನ ಕೆನ್ನೆ ಕೆಂಪಗಿದ್ದರೆ ಹೇಗೆ? ಅದಕ್ಕೇ ಎಡಗಡೆಯ ಬಂಡೆಯನ್ನು ಬಿಳಿ ಬಟ್ಟೆಯಿಂದ ಮುಚ್ಚಿದ್ದರು. ಕೆಂಪು ಹೋಯಿತು, ಒಂದು ಮೆತ್ತನೆಯ ಬೆಳಕು ಕಣ್ಣಂಚಿಗೆ ಸಿಕ್ಕಿತು. "ಯಾರದೋ ಹಾಸಿಗಿ ಚಾದರ್ ಅದು. ಲಾಡ್ಜಿಂದ ತಂದಿದ್ವಿ," ಅಂದರು ಲೈಟ್‌ಮನ್.

ಬಟ್ಟೆಯಿಂದ ಬೆಳಕು ಮೆತ್ತಗೆ ಮಾಡೋದು ಹೊಸದೇನಲ್ಲ. 1956ರ 'ಅಪರಾಜಿತೋ'ದಲ್ಲಿ ಸುಬ್ರತ ಮಿತ್ರ ಅವರು ಸ್ಟುಡಿಯೋದಲ್ಲಿ ಕಟ್ಟಿದ ಕಾಶಿ ಮನೆಯ ಅಂಗಳಕ್ಕೆ ಮೇಲೆ ಬಟ್ಟೆ ಬಿಗಿದು, ದೀಪದ ಬೆಳಕನ್ನು ಅದಕ್ಕೆ ಹೊಡೆದು ಹಗಲು ತಂದಿದ್ದರು. ಆದರೆ ಬಾದಾಮಿಯಲ್ಲಿ ಆವತ್ತು ನೋಡಿಕೊಳ್ಳೋಕೆ ಮಾನಿಟರ್ ಇರಲಿಲ್ಲ. ಎಪ್ಪತ್ತರ ದಶಕದ ಬಣ್ಣದ ನೆಗೆಟಿವ್‌ಗೆ ಬೆಳಕು ಹಿಡಿಯೋ ಶಕ್ತಿ 100 ಎಎಸ್‌ಎ ಮಾತ್ರ. ಹಗಲಿಗೆ 85 ನಂಬರಿನ ಕಿತ್ತಳೆ ಫಿಲ್ಟರ್ ಹಾಕಿದರೆ ಅದು 64ಕ್ಕೆ ಇಳಿಯುತ್ತದೆ. 400 ಅಡಿ ಮ್ಯಾಗಜೀನ್ ನಾಲ್ಕೂವರೆ ನಿಮಿಷದೊಳಗೆ ಖಾಲಿ. ತೆಗೆದದ್ದು ಸರಿಯಾಗಿದೆಯೋ ಇಲ್ಲವೋ ಅಂತ ಗೊತ್ತಾಗೋದು ಡಬ್ಬಿ ಮದ್ರಾಸ್ ಲ್ಯಾಬ್‌ಗೆ ಹೋಗಿ ರಷ್, ಅಂದರೆ ನೋಡೋಕೆ ಹಾಕಿಸಿದ ಮೊದಲ ಪ್ರಿಂಟ್, ಬಂದ ಮೇಲೆ. ದೊಡ್ಡ ನಟನ ಮುಖವನ್ನು ಬೇಕಂತಲೇ ಕಪ್ಪು ಮಾಡಿ, ಅಷ್ಟು ದಿನ ಕಾಯಬೇಕು. "ಪ್ರೊಡ್ಯೂಸರ್ ಬೈದ್ರು ನೋಡ್ರಿ. ಹೀರೋ ಮುಖಾನ ಕಾಣ್ಲಿಲ್ಲಂದ್ರ ಟಿಕೀಟ್ ಯಾರು ತಗೋತಾರ ಅಂದ್ರು."

ಲ್ಯಾಬ್ ತಪ್ಪು, ಮೋಡ, ಎರಡೂ ಸುಳ್ಳು ಅಂತ ಖಾತ್ರಿಯಾಯಿತು. ನಮಗೆ ಕನ್ನಡಿ ಸಿಕ್ಕಿತ್ತು.

ತಿರುವು

ಪುಸ್ತಿಕೆಗೆ ಬರೆದ ಕರಡನ್ನು ಟೈಟಲ್ ಕಾರ್ಡ್‌ನ ಛಾಯಾಗ್ರಾಹಕರ ಮಗನಿಗೂ ಕಳುಹಿಸಿದೆವು. ಇದಕ್ಕೆ ಕಾಕಾ ಮನೆಯಲ್ಲಿ ಅಸಮಾಧಾನ ಇತ್ತು, ಆದರೂ ಕಳುಹಿಸಿದೆವು. ಆತ ಸಿಟ್ಟಾಗಲಿಲ್ಲ. ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದರು: "ಸರ್, ಮೀಟರ್ ರೀಡಿಂಗ್ ಬರೆದುಕೊಳ್ಳೋದು ಜೊತೆಗಿದ್ದವರ ಕೆಲಸ ಅಲ್ವಾ? ನಮ್ಮ ತಂದೆ ಹೇಳಿದ್ದನ್ನೇ ಅವರು ಬರೆದುಕೊಂಡಿರಬಹುದಲ್ವಾ?"

ಸರಿಯಾದ ಪ್ರಶ್ನೆ. ನೋಟ್‌ಬುಕ್ಕಿನಿಂದ ಗೊತ್ತಾಗೋದು ಏನು? ಕಾಕಾ ಅಲ್ಲಿದ್ದರು, ಆ ಕಪ್ಪು ಬೇಕಂತಲೇ ಮಾಡಿದ್ದು, ಇಷ್ಟೇ. ರಿಫ್ಲೆಕ್ಟರ್ ಬೇಡ ಅಂದವರು ಯಾರು ಅನ್ನೋದು ಗೊತ್ತಾಗೋದಿಲ್ಲ. ಕೈಬರಹ ಯಾರದ್ದೋ ತೀರ್ಮಾನವೂ ಅವರದ್ದೇ ಅಂತ ಹೇಳೋಕೆ ಬರೋದಿಲ್ಲ.

ಮತ್ತೆ ಆ ಇಬ್ಬರನ್ನೇ ಕೇಳಿದೆವು, ಈ ಸಲ ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಸದೆ. ಲೈಟ್‌ಮನ್ ಪ್ರಕಾರ ಛಾಯಾಗ್ರಾಹಕರು ಅವತ್ತು ಜ್ವರ ಬಂದು ಲಾಡ್ಜ್‌ನಲ್ಲೇ ಇದ್ದರು. ಫೋಕಸ್ ಪುಲ್ಲರ್ ಪ್ರಕಾರ ಅವರು ಕ್ಯಾಮೆರಾ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು. ಇಬ್ಬರೂ ಖಚಿತವಾಗಿಯೇ ಹೇಳಿದರು. ಇಬ್ಬರಿಗೂ ಸುಳ್ಳು ಹೇಳಿ ಆಗಬೇಕಾದ್ದು ಏನೂ ಇಲ್ಲ.

ಇನ್ನೊಂದು ದಾರಿ ಹುಡುಕಿದೆವು. ಕಾಕಾ ಒಬ್ಬರೇ ಜವಾಬ್ದಾರಿ ಹೊತ್ತ ಕೆಲಸಗಳಲ್ಲಿ ಇಂಥ ಅಭ್ಯಾಸ ಇದೆಯಾ? ಇಳಕಲ್ ಸೀರೆ ನೇಕಾರರ ಮೇಲೆ ಅವರು ಮಾಡಿದ ಸಾಕ್ಷ್ಯಚಿತ್ರದ ಡಿವಿಡಿ ಪ್ರತಿ ಮನೆಯಲ್ಲಿತ್ತು. ಕುಣಿಮಗ್ಗದಲ್ಲಿ ಕೂತ ನೇಕಾರನಿಗೆ ಕಿಟಕಿಯ ಬೆಳಕು ಒಂದೇ ಕಡೆಯಿಂದ. ಮುಂದಿನಿಂದ ದೀಪ ಹಾಕಿಲ್ಲ, ಮುಖದ ಅರ್ಧ ಕತ್ತಲಲ್ಲೇ ಬಿಟ್ಟಿದ್ದಾರೆ. ಬೆಳಕು ಇರೋದು ಕೈಗಳ ಮೇಲೆ, ಸೀರೆ ಸೆರಗಿನ ಟೋಪ್ ತೆನೆಯ ಮೇಲೆ. ಬಾದಾಮಿಯ ಕೈ ಇದೇ ಅಂತ ಮಗ ಕುಣಿದಾಡಿದರು. ನನಗೂ ಹಾಗೇ ಅನ್ನಿಸಿತು, ಈಗಲೂ ಅನ್ನಿಸುತ್ತದೆ. ಆದರೆ ಇಲಾಖೆಯ ಸಾಕ್ಷ್ಯಚಿತ್ರಕ್ಕೆ ದೀಪ ಬಾಡಿಗೆಗೆ ತರೋಷ್ಟು ದುಡ್ಡು ಎಲ್ಲಿರುತ್ತೆ? ಬಡತನವೂ ಕೆಲವೊಮ್ಮೆ ಶೈಲಿಯ ಹಾಗೆ ಕಾಣುತ್ತದೆ.

ಕೊನೆಗೆ ಪುಸ್ತಿಕೆಯಲ್ಲಿ ಬರೆದದ್ದು: ಈ ದೃಶ್ಯದ ಛಾಯಾಗ್ರಹಣ ಇಂಥವರದ್ದು, ಕ್ಯಾಮೆರಾ ನಡೆಸಿದವರು ಕಾಕಾ. ಬೆಳಕಿನ ತೀರ್ಮಾನ ಕಾಕಾ ಒಬ್ಬರದ್ದೇ ಅಂತ ಯೂನಿಟ್‌ನ ಒಬ್ಬರು, ಇಬ್ಬರೂ ಸೇರಿ ಮಾಡಿದ್ದು ಅಂತ ಇನ್ನೊಬ್ಬರು ನೆನೆಯುತ್ತಾರೆ. ಪಕ್ಕದಲ್ಲಿ ನೋಟ್‌ಬುಕ್ಕಿನ ಪುಟದ ಫೋಟೋ. ಹಿರಿಯ ಮಗ ಕೆಲವು ದಿನ ಮಾತು ಬಿಟ್ಟರು. "ಊರಾಗ ನಮ್ಮ ಅಪ್ಪನ್ನ ಸಣ್ಣಾಂವ ಮಾಡಿದ್ರಿ" ಅಂದರು. ಮಗಳು ಮಾತ್ರ, "ಅಪ್ಪಾ ಇದ್ದಿದ್ರ ಇದನ್ನ ಒಪ್ತಿದ್ರು" ಅಂದರು. ಇಬ್ಬರನ್ನೂ ಒಪ್ಪಿಸೋ ವಾಕ್ಯ ನಮಗೆ ಸಿಗಲಿಲ್ಲ.

ಟ್ರಂಕು

ಟ್ರಂಕಿನ ತಳದಲ್ಲಿ ತಗಡಿನ ಡಬ್ಬಿಗಳಿದ್ದವು. ಮುಚ್ಚಳ ತೆಗೆದರೆ ವಿನೆಗರ್ ವಾಸನೆ ಮೂಗಿಗೆ ಹೊಡೆಯಿತು. ಒಂದು ಡಬ್ಬಿಯ ಚೀಟಿಯ ಮೇಲೆ "ಹೋಳಿ, ಕಿಲ್ಲಾ" ಅಂತ ಇತ್ತು. ಕಿಲ್ಲಾ ಅಂದರೆ ಹಳೇ ಊರಿನ ಒಂದು ಭಾಗ. ಕಾಕಾ ತಮ್ಮ ಖುಷಿಗೆ 16 ಎಂಎಂ ಬೋಲೆಕ್ಸ್ ಕ್ಯಾಮೆರಾದಲ್ಲಿ ತೆಗೆದದ್ದು. ಅದು ಕೀಲಿ ಕೊಟ್ಟು ಓಡಿಸೋ ಕ್ಯಾಮೆರಾ. ಒಮ್ಮೆ ಕೀಲಿ ತಿರುಗಿಸಿದರೆ ಅರ್ಧ ನಿಮಿಷದ ಹತ್ತಿರ ಓಡುತ್ತದೆ, 100 ಅಡಿ ರೀಲು ಮೂರು ನಿಮಿಷವೂ ಬರೋದಿಲ್ಲ. ಮುಳುಗಡೆಗೆ ಮೊದಲಿನ ಬಾಗಲಕೋಟೆಯ ಹೋಳಿ! ಬಂಡಿ, ಬಣ್ಣದ ಬ್ಯಾರಲ್, ಹಲಗಿ, ಈಗ ಇಲ್ಲದ ಮನೆಗಳು. ಸುದ್ದಿ ಊರಲ್ಲಿ ಹರಡಿತು. ಕಾರ್ಯಕ್ರಮದಲ್ಲಿ ಅದನ್ನು ತೋರಿಸಲೇಬೇಕು ಅಂತ ಒತ್ತಾಯ. ಒಬ್ಬರು ಹಳೇ 16 ಎಂಎಂ ಪ್ರೊಜೆಕ್ಟರ್ ಕೂಡ ಹುಡುಕಿ ತಂದರು.

ಬೇಡ ಅಂದವರು ಹಿಂದೆ ಟೂರಿಂಗ್ ಟಾಕೀಸ್‌ನಲ್ಲಿ ಆಪರೇಟರ್ ಆಗಿದ್ದ ಒಬ್ಬ ಹಿರಿಯರು. ಪ್ರೊಜೆಕ್ಟರ್ ಕಂಡರೆ ಅವರಷ್ಟು ಖುಷಿ ಪಡೋರು ಇರಲಿಲ್ಲ, ಆದರೂ ಬೇಡ ಅಂದರು. ರೀಲಿನ ತುದಿಯ ಒಂದು ಗೇಣು ಬಿಚ್ಚಿ, ಬೇರೆ ಫಿಲ್ಮಿನ ಒಳ್ಳೆಯ ತುಂಡಿನ ಪಕ್ಕ ಇಟ್ಟು ತೂತುಗಳನ್ನು ಹೊಂದಿಸಿ ತೋರಿಸಿದರು. ಮೊದಲ ತೂತು ಸರಿ, ಮುಂದೆ ಹೋದಂತೆ ಒಂದರ ಎದುರು ಒಂದು ಕೂರುತ್ತಿರಲಿಲ್ಲ. ಫಿಲ್ಮ್ ಕುಗ್ಗಿತ್ತು. "ಮಷಿನ್ನಿನ ಹಲ್ಲು ಅದನ್ನ ಹರಕೊಂಡು ಹೋಗ್ತಾವ. ಒಂದು ಸಲ ನೋಡ್ತೀರಿ, ಆಮ್ಯಾಲ ಏನೂ ಉಳಿಯಂಗಿಲ್ಲ."

ಆ ವಾಸನೆ ಅಸಿಟೇಟ್ ಫಿಲ್ಮ್ ಕೆಡುತ್ತಿರುವ ಗುರುತು. ಸೆಖೆ ಮತ್ತು ತೇವಕ್ಕೆ ಫಿಲ್ಮಿನಿಂದ ಅಸಿಟಿಕ್ ಆಮ್ಲ ಬಿಡುಗಡೆಯಾಗುತ್ತದೆ, ಆ ಆಮ್ಲವೇ ಮತ್ತೆ ಕೆಡಿಸುತ್ತದೆ. ಅಂದರೆ ಒಮ್ಮೆ ಶುರುವಾದರೆ ವೇಗ ಹೆಚ್ಚುತ್ತಲೇ ಹೋಗುತ್ತದೆ. ಪಕ್ಕದ ಡಬ್ಬಿಗೂ ತಗಲುತ್ತದೆ. ಬಾಗಲಕೋಟೆಯ ಬೇಸಿಗೆಯಲ್ಲಿ ಕಬ್ಬಿಣದ ಟ್ರಂಕು, ಅದೂ ಅಟ್ಟದ ಮೇಲೆ, ಇದಕ್ಕಿಂತ ಕೆಟ್ಟ ಜಾಗ ಇಲ್ಲ. ಕಾಕಾ ಅವರ ಹೆಂಡತಿ, ನಮ್ಮ ಕಾಕು, ಪಾಪ ವಾಸನೆ ಹೋಗಲಿ ಅಂತ ರೀಲುಗಳನ್ನು ಹಪ್ಪಳದ ಹಾಗೆ ಬಿಸಿಲಿಗೆ ಹರವಲು ಹೊರಟಿದ್ದರು, ಮಗಳು ತಡೆದರು. ಸದ್ಯಕ್ಕೆ ಮಾಡಿದ್ದು ಇಷ್ಟು: ವಾಸನೆ ಬರುವ ಡಬ್ಬಿಗಳನ್ನು ಬೇರೆ ಇಟ್ಟದ್ದು, ತುಕ್ಕು ಹಿಡಿದ ಡಬ್ಬಿ ಬದಲಿಸಿದ್ದು, ಮನೆಯ ತಂಪಾದ ಒಣ ಕೋಣೆಗೆ ಸಾಗಿಸಿದ್ದು, ಚೀಟಿಗಳನ್ನು ಹಾಗೇ ಫೋಟೋ ತೆಗೆದದ್ದು.

ಯಾರಿಗೆ ಕೊಡಬೇಕು ಅನ್ನೋದು ಇನ್ನೊಂದು ಚರ್ಚೆ. 1964ರಲ್ಲಿ ಶುರುವಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಪುಣೆಯಲ್ಲಿದೆ, 2022ರಿಂದ ಅದು ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದ (ಎನ್‌ಎಫ್‌ಡಿಸಿ) ಅಡಿಯಲ್ಲಿದೆ. "ಕೊಟ್ರ ಹೊಳ್ಳಿ ಬರ್ತಾವೇನ್ರಿ?" ಅಂತ ಕಾಕು ಕೇಳಿದ್ದು ನ್ಯಾಯವಾದ ಮಾತು. ದಾನ ಬೇರೆ, ಕಾಪಾಡಲು ಇಡೋದು ಬೇರೆ. ಎರಡರ ಕಾಗದವೂ ಬೇರೆ. ಇಲ್ಲಿ ಹಕ್ಕಿನ ವಿಷಯವೂ ಬಂತು. ನಮ್ಮ ಕಾಪಿರೈಟ್ ಕಾಯ್ದೆಯಲ್ಲಿ ಸಿನಿಮಾದ ಹಕ್ಕು ಮೊದಲಿಗೆ ನಿರ್ಮಾಪಕರದ್ದು, ಕ್ಯಾಮೆರಾಮನ್‌ರದ್ದಲ್ಲ. ಹಾಗಾಗಿ ಕಾಕಾ ದುಡಿದ ಯಾವ ಸಿನಿಮಾದ ಮೇಲೂ ಮನೆಯವರಿಗೆ ಹಕ್ಕಿಲ್ಲ. ಆದರೆ ಈ ಹೋಳಿ ರೀಲನ್ನು ತಮ್ಮ ದುಡ್ಡಿನಲ್ಲಿ ತಾವೇ ತೆಗೆದರು, ಅದಕ್ಕೆ ನಿರ್ಮಾಪಕರೂ ಅವರೇ. ಅದು ಪೂರ್ತಿ ಮನೆಯವರದ್ದು. ಇದನ್ನು ತಿಳಿದ ಮೇಲೆ ಹಿರಿಯ ಮಗ ಟ್ರಂಕಿನ ಕಡೆ ನೋಡುವ ರೀತಿಯೇ ಬದಲಾಯಿತು. ನಮ್ಮೊಡನೆ ಮಾತು ಮತ್ತೆ ಶುರುವಾದದ್ದೂ ಆಗಲೇ.

ಆ ಸಂಜೆ

ಕಾರ್ಯಕ್ರಮ ವಿದ್ಯಾಗಿರಿಯ ಒಂದು ಸಭಾಂಗಣದಲ್ಲಿ ಆಯಿತು. ಮುಖ್ಯ ಅತಿಥಿಗಳು ತಡವಾಗಿ ಬಂದು, ಕಾಕಾ ಅವರನ್ನು ವಿ.ಕೆ. ಮೂರ್ತಿಯವರಿಗೆ ಹೋಲಿಸಿ, ಬೇಗ ಹೋದರು. ಅದರ ಬಗ್ಗೆ ಹೆಚ್ಚು ಹೇಳೋದು ಬೇಡ.

ಆಮೇಲೆ ಬಾದಾಮಿ ದೃಶ್ಯವನ್ನು ಮೂರು ಸಲ ಹಾಕಿದೆವು. ಮೊದಲು ಹಾಗೇ. ಎರಡನೇ ಸಲ ಸದ್ದಿಲ್ಲದೆ. ಮೂರನೇ ಸಲ ಮಧ್ಯೆ ಮಧ್ಯೆ ನಿಲ್ಲಿಸಿ, ನೋಟ್‌ಬುಕ್ಕಿನ ಸಾಲು ಪಕ್ಕದಲ್ಲಿಟ್ಟು. ಲೈಟ್‌ಮನ್ ವೇದಿಕೆಯ ಮೇಲೆ ಬಂದು ಒಂದು ಕುರ್ಚಿ ಹಾಕಿ, ಕಾಲೇಜು ಹುಡುಗನೊಬ್ಬನನ್ನು ಕೂರಿಸಿ, ಪಕ್ಕದಲ್ಲಿ ಕೆಂಪು ಬಟ್ಟೆ ಹಿಡಿಸಿ ಅದಕ್ಕೆ ದೀಪ ಬಿಟ್ಟರು. ಹುಡುಗನ ಕೆನ್ನೆ ಕೆಂಪಾಯಿತು. ಕೆಂಪು ತೆಗೆದು ಬಿಳಿ ಚಾದರ್ ಹಿಡಿಸಿದರು. ಸಭೆಯಲ್ಲಿ "ಓ" ಅನ್ನೋ ಸದ್ದು ಬಂತು. ಭಾಷಣಕ್ಕೆ ಬಾರದ ಸದ್ದು ಅದು. ಆಮೇಲೆ ಬೆಳ್ಳಿ ಹಾಳೆ ಹಿಡಿದರು, ಹುಡುಗ ಕಣ್ಣು ಮುಚ್ಚಿಕೊಂಡ, ಎಲ್ಲರೂ ನಕ್ಕರು. ಮದುವೆ ವಿಡಿಯೋ ತೆಗೆಯೋ ಹುಡುಗರು ನಾಲ್ಕೈದು ಜನ ಮುಂದೆ ಬಂದು ಕೂತು ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿಕೊಂಡರು.

ಹೋಳಿ ರೀಲು ತೋರಿಸೋದಿಲ್ಲ ಅಂದಾಗ ಗೊಣಗಾಟ ಆಯಿತು. ಕೆಲವರು ಅದಕ್ಕಾಗಿಯೇ ಹಳೇ ಊರಿನಿಂದ ಬಂದಿದ್ದರು. ಆಪರೇಟರ್ ಹಿರಿಯರು ಆ ಎರಡು ಫಿಲ್ಮ್ ತುಂಡುಗಳನ್ನು ಕೈಯಲ್ಲಿ ಹಿಡಿದು ಸಾಲು ಸಾಲಾಗಿ ಹೋಗಿ ತೋರಿಸಿದರು. ಅರ್ಧ ಜನ ಒಪ್ಪಿದರು.

ಈಗಿನ ಸ್ಥಿತಿ

ರೀಲುಗಳಲ್ಲಿ ಎರಡನ್ನು ಸ್ಕ್ಯಾನ್ ಮಾಡಿಸಲು ಕಳುಹಿಸಲಾಯಿತು. ಹಲ್ಲಿನ ಚಕ್ರವಿಲ್ಲದೆ, ರೋಲರ್ ಮೇಲೆ ನಿಧಾನವಾಗಿ ಫಿಲ್ಮ್ ಸಾಗಿಸೋ ಸ್ಕ್ಯಾನರ್ ಬೇಕು ಅಂತ ಮೊದಲೇ ಕೇಳಿ ತಿಳಿದುಕೊಂಡಿದ್ದೆವು. ಕುಗ್ಗಿದ ಫಿಲ್ಮಿಗೆ ಅದೇ ದಾರಿ. ಹೋಳಿಯದ್ದು ಬಂದಿದೆ, ಬಣ್ಣ ಮಾಸಿದೆ, ಕೊನೆಯ ಭಾಗ ಅಲುಗುತ್ತದೆ. ಇನ್ನೊಂದು ರೀಲು ಅಂಟಿಕೊಂಡು ಗಟ್ಟಿಯಾಗಿತ್ತು, ಬಿಚ್ಚಲು ಆಗದು ಅಂತ ಹಾಗೇ ವಾಪಸ್ ಬಂತು. ಅದರ ಚೀಟಿ ಅಳಿಸಿಹೋಗಿರೋದರಿಂದ ಒಳಗೆ ಏನಿತ್ತು ಅಂತ ಗೊತ್ತಾಗೋ ದಾರಿ ಇಲ್ಲ. ಉಳಿದ ಡಬ್ಬಿಗಳ ಬಗ್ಗೆ ಕುಟುಂಬ ಇನ್ನೂ ತೀರ್ಮಾನ ಮಾಡಿಲ್ಲ.

ಫೋಕಸ್ ಪುಲ್ಲರ್ ಕಾರ್ಯಕ್ರಮದ ನಂತರ ಫೋನ್ ಮಾಡಿ, ತಮ್ಮಲ್ಲೂ ಆ ಸಿನಿಮಾದ ಕೆಲವು ಸ್ಟಿಲ್‌ಗಳಿವೆ ಅಂದರು. ಅದರಲ್ಲಿ ಬಾದಾಮಿಯದ್ದು ಒಂದಿದೆಯಂತೆ. ಕುರ್ಚಿಯಲ್ಲಿ ಯಾರು ಕೂತಿದ್ದಾರೆ ಅಂತ ಅದರಿಂದ ತಿಳಿಯಬಹುದು, ತಿಳಿಯದೆಯೂ ಇರಬಹುದು, ಯಾಕೆಂದರೆ ಬಾದಾಮಿಯಲ್ಲಿ ಶೂಟಿಂಗ್ ನಡೆದದ್ದು ಆ ಒಂದು ಬೆಳಿಗ್ಗೆ ಮಾತ್ರ ಅಲ್ಲ. ಸ್ಟಿಲ್ ಬಂದರೆ ಪುಸ್ತಿಕೆಯ ಮುಂದಿನ ಮುದ್ರಣದಲ್ಲಿ ಆ ಅಡಿಬರಹ ಬದಲಾಗಬಹುದು ಅಂತ ಎರಡೂ ಮನೆಗಳಿಗೆ ತಿಳಿಸಿದ್ದೇವೆ.

ಈಗ ಗುಳೇದಗುಡ್ಡ ಕಡೆಯ ಒಂದು ಕುಟುಂಬ ನಮ್ಮನ್ನು ಕೇಳಿದೆ. ಅವರ ಅಜ್ಜ ಕಂಪನಿ ನಾಟಕಗಳಿಗೆ ಬೆಳಕು ಮಾಡುತ್ತಿದ್ದವರು. ಅಲ್ಲಿ ಫಿಲ್ಮೂ ಇಲ್ಲ, ನೋಟ್‌ಬುಕ್ಕೂ ಇಲ್ಲ. ಜೊತೆಗೆ ದುಡಿದ ಇಬ್ಬರು ಮಾತ್ರ ಇದ್ದಾರೆ. ಸಭಾಂಗಣ ಬುಕ್ ಮಾಡೋದು, ಅತಿಥಿ ಹುಡುಕೋದು ಎಲ್ಲ ಆಮೇಲೆ, ಮೊದಲು ಅವರಿಬ್ಬರ ಹತ್ತಿರ ಹೋಗಿ ಅಂತ ಹೇಳಿದೆವು. ಬಾದಾಮಿಗೆ ಬಳಸಿದ ಪ್ರಶ್ನೆಗಳನ್ನೇ ಸ್ವಲ್ಪ ಬದಲಿಸಿ ಕೊಟ್ಟಿದ್ದೇವೆ: ದೀಪ ಯಾವ ಕಡೆ ಇತ್ತು, ಯಾವ ದೃಶ್ಯಕ್ಕೆ ಅದನ್ನು ನಂದಿಸುತ್ತಿದ್ದರು, ಬಣ್ಣಕ್ಕೆ ಏನು ಕಟ್ಟುತ್ತಿದ್ದರು, ಯಾರು ಬೈದರು. ಇಬ್ಬರಲ್ಲಿ ಒಬ್ಬರಿಗೆ ಕಿವಿ ಕೇಳಿಸೋದಿಲ್ಲವಂತೆ, ಹಾಗಾಗಿ ಅವರಿಗೆ ಪ್ರಶ್ನೆಗಳನ್ನು ದೊಡ್ಡ ಅಕ್ಷರದಲ್ಲಿ ಬರೆದು ಕಳುಹಿಸಿದ್ದೇವೆ.